ಮುನ್ನೂರು ಗ್ರಾಮಿನ ಮೋಕ್ಷ

ನಂದಿಬೆಟ್ಟ ಹತ್ತಬೇಕಾದರೆ ಮೊದಲು ಮೈತೂಕ ಇಳಿಸಿಕೊಳ್ಳಬೇಕೆಂಬ ಹಳೆಯ ನಂಬಿಕೆಯನ್ನು ಬೆಂಗಳೂರಿನ ರೋಡ್ ಬೈಕ್ ಎಂಬ ವೇಗದ ಸೈಕಲ್ಲಿನ ಸವಾರರು ಎಂದೋ ಕೈಬಿಟ್ಟಿದ್ದಾರೆ. ಅದಕ್ಕೆ ಬಾಯಿ ಕಟ್ಟಬೇಕು, ಬೆವರು ಸುರಿಸಬೇಕು. ಸೈಕಲ್ಲಿನ ತೂಕ ಇಳಿಸುವುದಕ್ಕಾದರೆ ಕ್ರೆಡಿಟ್ ಕಾರ್ಡೊಂದಿದ್ದರೆ ಆಯಿತು. ಹೀಗಾಗಿ ಹೊಟ್ಟೆಯನ್ನು ಇದ್ದಂತೆಯೇ ಕಾಪಾಡಿಕೊಂಡು ಚೈನನ್ನು ಗೇರಿನಿಂದ ಗೇರಿಗೆ ದಾಟಿಸುವ ಹಿಂದಿನ ಡಿರೇಲರಿಗೆ ಮಾತ್ರ ಉಪವಾಸ ಮಾಡಿಸುವ ವಿಶಿಷ್ಟ ವ್ರತವೊಂದು ಶನಿವಾರ, ಭಾನುವಾರಗಳ ಬೆಳಗಿನ ಜಾವ ದೇವನಹಳ್ಳಿ ರಸ್ತೆಯುದ್ದಕ್ಕೂ ಶ್ರದ್ಧೆಯಿಂದ ನಡೆಯುತ್ತಿದೆ.

ಈ ವ್ರತಕ್ಕೆ ಮೆಟ್ಟಿಲುಗಳಿವೆ. ಗೇರು, ಬ್ರೇಕು, ಚೈನುಗಳು ಒಂದೇ ಕಟ್ಟಾಗಿ ಬರುವ, ಶಿಮಾನೊ ಕಂಪನಿಯ ಗ್ರೂಪ್‌ಸೆಟ್‌ಗಳನ್ನೇ ತೆಗೆದುಕೊಂಡರೆ ಕ್ಲಾರಿಸ್, ಸೋರಾ, ಟಿಯಾಗ್ರಾ, 105, ಅಲ್ಟೆಗ್ರಾ ಎಂದು ಏರುತ್ತ ಹೋಗಿ ತುದಿಯಲ್ಲಿ ಡ್ಯೂರಾ-ಏಸ್ ದರ್ಶನವಾಗುತ್ತದೆ. ಕೆಳಗಿನ ಮೆಟ್ಟಿಲುಗಳನ್ನು ಗೇಲಿ ಮಾಡುವುದು ನ್ಯಾಯವಲ್ಲ. ಹಿಂದಿನ ಚಕ್ರದಲ್ಲಿ ಎಂಟು ಗೇರಿನ ಕ್ಲಾರಿಸ್ ಬಿಟ್ಟು ಹನ್ನೆರಡು ಗೇರಿನ 105ಕ್ಕೆ ಬಂದವರಿಗೆ ಗೇರು ಬೀಳುವ ನಯ ಕಾಲಿಗೂ ಬ್ರೇಕಿನ ಹಿಡಿತ ಕೈಗೂ ತಿಳಿಯುತ್ತದೆ, ಕೊಟ್ಟ ಹಣಕ್ಕೆ ಲೆಕ್ಕ ಸಿಗುತ್ತದೆ. ತಮಾಷೆ ಶುರುವಾಗುವುದು ಕೊನೆಯ ಎರಡು ಮೆಟ್ಟಿಲುಗಳ ನಡುವೆ. 2021ರಲ್ಲಿ ಒಟ್ಟಿಗೇ ಹೊರಬಂದ ಅಲ್ಟೆಗ್ರಾ, ಡ್ಯೂರಾ-ಏಸ್ ಎರಡರಲ್ಲೂ ಹಿಂದೆ ಹನ್ನೆರಡೇ ಗೇರು, ಎರಡರಲ್ಲೂ ಗೇರು ಬದಲಾಗುವುದು ಬ್ಯಾಟರಿಯಿಂದಲೇ. ತೂಕದ ಅಂತರ ಸುಮಾರು 300 ಗ್ರಾಂ. ಸವಾರನೂ ಸೈಕಲ್ಲೂ ಸೇರಿ ಎಂಬತ್ತು ಕಿಲೋ ಎಂದಿಟ್ಟುಕೊಂಡರೆ ಇದು ನೂರಕ್ಕೆ ಅರ್ಧ ಪಾಲೂ ಆಗದು, ಅರ್ಧ ಗಂಟೆಯ ಏರಿನಲ್ಲಿ ಉಳಿಯುವುದು ಆರೇಳು ಸೆಕೆಂಡು. ಈ ಸೆಕೆಂಡುಗಳಿಗೆ ತೆರುವ ಹೆಚ್ಚುವರಿ ಹಣದಲ್ಲಿ ಕ್ಲಾರಿಸ್ ಹಾಕಿದ ಇಡೀ ಸೈಕಲ್ಲೊಂದು ಬಂದೀತು. ಮುಕ್ಕಾಲು ಲೀಟರಿನ ನೀರಿನ ಬಾಟಲಿಯನ್ನು ಬೆಟ್ಟದ ಬುಡದಲ್ಲೇ ಅರ್ಧ ಚೆಲ್ಲಿ ಹೊರಟರೆ ಅದೇ ಫಲ ಪುಕ್ಕಟೆ ಸಿಗುತ್ತದಾದರೂ, ಚೆಲ್ಲಿದ ನೀರನ್ನು ಯಾರಿಗೆ ತೋರಿಸುವುದು?

ತುದಿಯ ಮೆಟ್ಟಿಲಿನ ಕ್ಯಾಸೆಟ್ಟಂತೂ, ಅಂದರೆ ಹಿಂದಿನ ಚಕ್ರದ ಹಲ್ಲುಚಕ್ರಗಳ ಗೊಂಚಲಂತೂ, ತ್ಯಾಗದ ಪರಾಕಾಷ್ಠೆ. ಅದರ ದೊಡ್ಡ ಹಲ್ಲುಚಕ್ರಗಳು ಟೈಟಾನಿಯಂನವು. ಅಲ್ಟೆಗ್ರಾದವು ಬರೀ ಉಕ್ಕು. ಟೈಟಾನಿಯಂ ಹಗುರವೇನೋ ಹೌದು, ಆದರೆ ಉಕ್ಕಿಗಿಂತ ಬೇಗ ಸವೆಯುತ್ತದೆ. ಹೆಚ್ಚು ಕೊಟ್ಟವನಿಗೆ ಕಡಿಮೆ ಬಾಳಿಕೆ ಬರುವ ಸಾಮಾನು ಕೊಟ್ಟು, ಅವನಿಂದಲೇ ಕೃತಜ್ಞತೆಯನ್ನೂ ಪಡೆಯುವ ಈ ವ್ಯಾಪಾರವನ್ನು ನಮ್ಮ ಚಿಕ್ಕಪೇಟೆಯ ವರ್ತಕರು ಇನ್ನೂ ಕಲಿತಂತಿಲ್ಲ.

ಇತ್ತ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವಾದ ಯುಸಿಐ 2000ನೇ ಇಸವಿಯಿಂದ ಸ್ಪರ್ಧೆಯ ಸೈಕಲ್ 6.8 ಕಿಲೋಗಿಂತ ಕಡಿಮೆ ತೂಗಬಾರದೆಂದು ನಿಯಮ ಮಾಡಿದೆ. ತೀರಾ ಹಗುರವಾದ ಸೈಕಲ್ಲುಗಳಿಗೆ ವೃತ್ತಿಪರ ತಂಡಗಳ ಮೆಕ್ಯಾನಿಕ್‌ಗಳು ಬೇಕೆಂದೇ ತೂಕ ಸೇರಿಸಿದ್ದೂ ಉಂಟು. ಅಂದರೆ ಸಂಬಳ ಪಡೆದು ತುಳಿಯುವವರು ತೂಕ ಕೂಡಿಸಿಕೊಳ್ಳುತ್ತಾರೆ, ಸಂಬಳ ಸುರಿದು ತುಳಿಯುವವರು ಕಳೆದುಕೊಳ್ಳುತ್ತಾರೆ.

ನಿಜಕ್ಕೂ ವೇಗ ಬೇಕಾದವರು ಕೆಲವೇ ಸಾವಿರ ರೂಪಾಯಿಗೆ ಒಳ್ಳೆಯ ಟೈರು ಹಾಕಿಸಿ, ಗಾಳಿಯ ಒತ್ತಡ ಸರಿಯಾಗಿಟ್ಟು, ಚೈನಿನ ಮಣ್ಣು ಒರೆಸಿಕೊಂಡರೆ ಸಾಕೆಂದು ಪಂಕ್ಚರ್ ಅಂಗಡಿಯವರೂ ಹೇಳಿಯಾರು. ಆದರೆ ಬೆಟ್ಟ ಇಳಿದು ಬಂದು ಹೋಟೆಲಿನ ಮುಂದೆ ಸೈಕಲ್ಲುಗಳನ್ನು ಸಾಲಾಗಿ ಒರಗಿಸಿದಾಗ ಟೈರನ್ನು ಯಾರೂ ವಿಚಾರಿಸುವುದಿಲ್ಲ. ಎಲ್ಲರ ಕಣ್ಣೂ ಪೆಡಲ್ ಹೊತ್ತ ಕ್ರ್ಯಾಂಕಿನ ಮೇಲಿನ ಹೆಸರಿನ ಮೇಲೆ. ಆಮೇಲೆ ಒಳಗೆ ಹೋಗಿ ಇಡ್ಲಿ, ವಡೆ, ಅದರ ಬೆನ್ನಿಗೇ ಬೆಣ್ಣೆ ಮಸಾಲೆ ದೋಸೆ ತರಿಸಿಕೊಂಡು, ಮುನ್ನೂರು ಗ್ರಾಮನ್ನು ಬಡ್ಡಿ ಸಮೇತ ಒಳಗಿಳಿಸಿಕೊಳ್ಳುತ್ತ, ಸೆರಾಮಿಕ್ ಬೇರಿಂಗ್ ಹಾಕಿಸಿದರೆ ಇನ್ನೆಷ್ಟು ಸೆಕೆಂಡು ಉಳಿಯಬಹುದೆಂಬ ಚರ್ಚೆ ಶುರುವಾಗುತ್ತದೆ.