ಘಲ್ಲು ಘಲ್, ಎರಡು ಮನೆ ಶ್ರುತಿಯಲ್ಲಿ

ಡಿಸೆಂಬರ್ ಬಂತೆಂದರೆ ಶಿಶುವಿಹಾರದ ಕಿಟಕಿಯಿಂದ ಒಂದೇ ಹಾಡು ಹೊರಗೆ ಬೀಳುತ್ತದೆ, ‘ಜಿಂಗಲ್ ಬೆಲ್ಸ್’. ಮೂವತ್ತು ಪುಟಾಣಿಗಳು, ಮೂವತ್ತು ಕೆಂಪು ಟೋಪಿ, ಮೂವತ್ತು ಶ್ರುತಿ. ಟೋಪಿಯ ತುದಿಯ ಹತ್ತಿಯುಂಡೆಯನ್ನು ಚೀಪುತ್ತ ನಿಂತ ಒಂದಿಬ್ಬರು ಮಾತ್ರ ಅಪಸ್ವರ ಹಾಡುವುದಿಲ್ಲ. ನೋಡುವವರು ಮಕ್ಕಳಿಗೆ ಸ್ವರಜ್ಞಾನ ಇಲ್ಲ ಎಂದುಕೊಂಡು ನಗುತ್ತಾರೆ. ತಪ್ಪು ಬಹುತೇಕ ದೊಡ್ಡವರದು.

ಮೂರರಿಂದ ಐದು ವರ್ಷದ ಮಗುವಿನ ಗಂಟಲು ಸಲೀಸಾಗಿ ಓಡಾಡುವ ಜಾಗ ಬಹಳ ಸಣ್ಣದು. ಬಿಳಿ ಕೀಲಿಗಳನ್ನು ಸಿಯಿಂದ ಒಂದು ಮನೆ, ಎರಡು ಮನೆ ಎಂದು ಎಣಿಸುವ ಹಾರ್ಮೋನಿಯಂ ಭಾಷೆಯಲ್ಲಿ ಹೇಳಿದರೆ ಎರಡು ಮನೆಯಿಂದ ಆರು ಮನೆಯವರೆಗೆ, ಕೀಬೋರ್ಡಿನಲ್ಲಿ ಡಿಯಿಂದ ಎ. ಒಟ್ಟು ಐದು ಸ್ವರ. ಹೇಳಿಕೊಡುವ ಅಮ್ಮನೋ ಟೀಚರೋ ತಮ್ಮ ಅಭ್ಯಾಸದ ಐದು ಮನೆಯಲ್ಲಿ ಶುರು ಮಾಡುತ್ತಾರೆ. ಅವರ ಷಡ್ಜ, ಅಂದರೆ ‘ಸ’, ಮಗುವಿಗೆ ಪಾತಾಳ. ಇಳಿಯಲಾಗದ ಮಗು ಹಾಡುವುದನ್ನು ಬಿಟ್ಟು ಅದೇ ಲಯದಲ್ಲಿ ಮಾತಾಡತೊಡಗುತ್ತದೆ, ಇಲ್ಲವೇ ಕಿರುಚುತ್ತದೆ. ಲೆಕ್ಕ ಸರಳ: ಐದು ಮನೆಯ ಅಮ್ಮನ ಪಂಚಮ, ಅಂದರೆ ‘ಪ’, ಎಲ್ಲಿದೆಯೋ ಅಲ್ಲಿಂದ ಮಗುವಿನ ಷಡ್ಜ. ಅಮ್ಮನಿಗೆ ಸ್ವಲ್ಪ ಎತ್ತರವಾಯಿತು ಅನ್ನಿಸಿದರೆ ಮಗುವಿಗೆ ಸರಿಯಾಗಿದೆ ಎಂದೇ ಅರ್ಥ. ಮೊಬೈಲಿನ ಶ್ರುತಿಪೆಟ್ಟಿಗೆಯನ್ನು ಡಿಗೆ ಇಟ್ಟು ಎರಡು ನಿಮಿಷ ಸುಮ್ಮನೆ ಕೇಳಿಸಿ, ಆಮೇಲೆ ಬಾಯಿ ತೆರೆಯಲಿ.

ಈ ಐದು ಸ್ವರಕ್ಕೆ ಅಳತೆ ತೆಗೆದು ಹೊಲಿಸಿದಂತಿದೆ ‘ಜಿಂಗಲ್ ಬೆಲ್ಸ್’ ಪಲ್ಲವಿ. ಗ ಗ ಗಾ, ಗ ಗ ಗಾ, ಗ ಪ ಸ ರಿ ಗಾ. ಕೊನೆಯ ಸಾಲು ಪ ಪ ಮ ರಿ ಸಾ. ಷಡ್ಜದ ಕೆಳಗೂ ಇಲ್ಲ, ಪಂಚಮದ ಮೇಲೂ ಇಲ್ಲ. ಷಡ್ಜವನ್ನು ಎರಡು ಮನೆಗೆ ಇಟ್ಟರೆ ಇಡೀ ಪಲ್ಲವಿ ಮಗುವಿನ ಅಂಗಳದೊಳಗೇ ಮುಗಿಯುತ್ತದೆ. ಚರಣ ಹಾಗಲ್ಲ. ಅದು ಮಂದ್ರದ, ಅಂದರೆ ಕೆಳಸ್ಥಾಯಿಯ, ಪಂಚಮದಿಂದ ಹೊರಟು ಮಧ್ಯದ ಧೈವತದವರೆಗೆ ಹತ್ತುತ್ತದೆ, ಮಾತೂ ಬಾಯಿಗೆ ಸಿಗದಷ್ಟು ಒತ್ತೊತ್ತು. ಚರಣ ದೊಡ್ಡವರು ಹಾಡಲಿ, ಪಲ್ಲವಿ ಮಕ್ಕಳಿಗಿರಲಿ. ತಮ್ಮ ಸರದಿಗಾಗಿ ಕಾಯುವುದೂ ಅವರಿಗೆ ಆಟವೇ.

ಎಡವುವ ಜಾಗ ಒಂದೇ: ‘ಗ ಪ ಸ’. ಪಂಚಮದಿಂದ ಷಡ್ಜಕ್ಕೆ ಒಂದೇ ನೆಗೆತ. ಮಕ್ಕಳು ಧುಮುಕುವ ಬದಲು ಅರ್ಧದಾರಿಯಲ್ಲಿ ಎಲ್ಲೋ ಇಳಿದುಬಿಡುತ್ತಾರೆ. ಗಾಂಧಾರಕ್ಕೆ ಕೈ ಹೊಟ್ಟೆಯ ಮೇಲೆ, ಪಂಚಮಕ್ಕೆ ತಲೆಯ ಮೇಲೆ, ಷಡ್ಜಕ್ಕೆ ಮೊಣಕಾಲಿನ ಮೇಲೆ ಎಂದು ಗೊತ್ತುಮಾಡಿಕೊಂಡರೆ ಕೈ ಇಳಿದಲ್ಲಿಗೆ ಗಂಟಲೂ ಇಳಿಯುತ್ತದೆ. ವೇಗ ನಿಮಿಷಕ್ಕೆ ನೂರು, ನೂರಹತ್ತು ತಟ್ಟು ಸಾಕು. ಕರೋಕೆ ಹಾಕಿದರೆ ಇದೆಲ್ಲ ನೀರುಪಾಲು. ಅದರ ಶ್ರುತಿ ದೊಡ್ಡವರ ಗಂಟಲಿನದು, ಓಟ ಕುದುರೆಯದು; ಸ್ಪೀಕರ್ ಅಬ್ಬರದಲ್ಲಿ ತನ್ನ ದನಿ ತನಗೇ ಕೇಳಿಸದ ಮಗು ಕೂಗದೆ ಇನ್ನೇನು ಮಾಡೀತು?

ಅಂದಹಾಗೆ ಈ ಹಾಡಿನಲ್ಲಿ ಕ್ರಿಸ್‌ಮಸ್ ಎಂಬ ಪದವೇ ಇಲ್ಲ. ಅಮೆರಿಕದ ಜೇಮ್ಸ್ ಪಿಯರ್‌ಪಾಂಟ್ 1857ರಲ್ಲಿ ಅಚ್ಚು ಹಾಕಿಸಿದಾಗ ಇದರ ಹೆಸರೂ ಬೇರೆ, ಪಲ್ಲವಿಯ ಧಾಟಿಯೂ ಬೇರೆ. ಹಿಮದ ಮೇಲೆ ಒಂಟಿ ಕುದುರೆಯ, ಗಾಲಿಯಿಲ್ಲದ ಗಾಡಿ ಓಡಿಸುವ ಹುಡುಗಾಟದ ಹಾಡು ಅಷ್ಟೆ. ಹಿಮದ ಮೇಲೆ ಜಾರುವ ಗಾಡಿಗೆ ಸದ್ದೇ ಇರುವುದಿಲ್ಲ. ತಿರುವಿನಲ್ಲಿ ಎದುರು ಬರುವವರಿಗೆ ತಿಳಿಯಲಿ ಎಂದು ಕುದುರೆಗೆ ಗಂಟೆ ಕಟ್ಟುತ್ತಿದ್ದರು. ಮಾಗಿಯ ಚಳಿಗೆ ಸ್ವೆಟರ್ ಹಾಕಿಕೊಂಡೂ ಹಿಮ ಕಾಣದ ನಮ್ಮ ಮಕ್ಕಳಿಗೆ ಇಷ್ಟು ಹೇಳಿದರೆ ಸಾಕು, ಗಂಟೆ ಹಾರ್ನ್ ಎಂಬುದು ತಕ್ಷಣ ಅರ್ಥವಾಗುತ್ತದೆ. 1965ರ ಡಿಸೆಂಬರ್ 16ರಂದು ಜೆಮಿನಿ 6ರ ಗಗನಯಾತ್ರಿಗಳಿಬ್ಬರು ಪುಟ್ಟ ಹಾರ್ಮೋನಿಕಾ, ಗೆಜ್ಜೆ ಹಿಡಿದು ಬಾಹ್ಯಾಕಾಶದಲ್ಲಿ ಇದನ್ನೇ ನುಡಿಸಿದರು. ಅಲ್ಲಿ ಎದುರು ಬರುವವರು ಯಾರಿದ್ದರೋ.

ಇಂಗ್ಲಿಷ್ ಬೇಡವೆಂದರೆ ಪಲ್ಲವಿಗೆ ‘ಘಲ್ಲು ಘಲ್, ಘಲ್ಲು ಘಲ್’ ಎಂದು ಹಾಡಿ, ಸರಿಯಾಗಿ ಕೂರುತ್ತದೆ. ಬೇರೆ ಕನ್ನಡ ಮಾತು ಹೊಂದಿಸುವಾಗ ಹುಷಾರು. ನಮ್ಮಲ್ಲಿ ಹ್ರಸ್ವ ದೀರ್ಘವಾದರೆ ಅರ್ಥವೇ ಕೆಡುತ್ತದೆ. ಎಳೆಯುವ ಸ್ವರದ ಮೇಲೆ ‘ಮ’ ಬಿದ್ದರೆ ಗೋದಲಿಯ ‘ಮಗು’ ‘ಮಾಗು’ ಆಗಿ ಮಾವಿನಕಾಯಿಯ ಸಾಲಿಗೆ ಸೇರುತ್ತದೆ. ದೀರ್ಘಾಕ್ಷರಕ್ಕೆ ಉದ್ದದ ಸ್ವರ, ಹ್ರಸ್ವಕ್ಕೆ ಗಿಡ್ಡದ್ದು, ಇಷ್ಟೇ ನಿಯಮ.

ಇನ್ನು ಗೆಜ್ಜೆ. ಗ್ರಂಧಿಗೆ ಅಂಗಡಿಯಲ್ಲಿ ಬಿಡಿ ಗೆಜ್ಜೆ ಸಿಗುತ್ತದೆ. ಎರಡು ಸೆಂಟಿಮೀಟರ್ ಅಗಲದ ಎಲಾಸ್ಟಿಕ್ಕನ್ನು ಹದಿನಾಲ್ಕು ಸೆಂಟಿಮೀಟರಿಗೆ ಕತ್ತರಿಸಿ, ತುದಿಗಳನ್ನು ಒಂದರ ಮೇಲೊಂದಿಟ್ಟು ಹೊಲಿದರೆ ನಾಲ್ಕು ವರ್ಷದ ಮಗುವಿನ ಮುಂಗೈಗೆ ಆಗುತ್ತದೆ. ಕೈಗೆ ನಾಲ್ಕು ಗೆಜ್ಜೆ ಸಾಕು. ಒಂದೊಂದನ್ನೂ ಬೇರೆ ಬೇರೆ ದಾರದಲ್ಲಿ ಎರಡೆರಡು ಸುತ್ತು ಹೊಲಿದು ಗಂಟು ಹಾಕಬೇಕು. ಒಂದೇ ದಾರದಲ್ಲಿ ಪೋಣಿಸಿದರೆ ಒಂದು ಹರಿದಾಗ ನಾಲ್ಕೂ ನೆಲಕ್ಕೆ, ಅಲ್ಲಿಂದ ಬಾಯಿಗೆ. ಮೂರು ವರ್ಷದೊಳಗಿನವರ ಕೈಗೆ ಗೆಜ್ಜೆ ಕೊಡಲೇಬೇಡಿ.

ಅವರಿಗೆ ಬಾಟಲಿ. ಇನ್ನೂರು ಮಿಲಿಲೀಟರಿನ ಪ್ಲಾಸ್ಟಿಕ್ ಬಾಟಲಿಗೆ ಕಾಲುಭಾಗ ಕಾಳು ಹಾಕಿ, ಮುಚ್ಚಳ ಬಿಗಿದು, ಮೇಲೆ ಟೇಪ್ ಸುತ್ತಿ. ರಾಗಿಯದು ಸೋನೆಮಳೆ ಸದ್ದು, ಹೆಸರುಕಾಳಿನದು ಅದಕ್ಕಿಂತ ಖಡಕ್ಕು, ಕಡಲೆಕಾಳಿನದು ಗಲಾಟೆ. ತುಂಬಿಸಿದಷ್ಟೂ ಜೋರಾಗುತ್ತದೆ ಎಂದುಕೊಳ್ಳುವವರೇ ಹೆಚ್ಚು. ಕಾಳಿಗೆ ಓಡಾಡಲು ಜಾಗವಿಲ್ಲದೆ ಮುಕ್ಕಾಲು ತುಂಬಿದ ಬಾಟಲಿ ಮೂಕವಾಗುತ್ತದೆ. ಬಾಟಲಿಯೊಳಗೆ ಪಸೆ ಇದ್ದರೆ ಸಂಕ್ರಾಂತಿಯ ಹೊತ್ತಿಗೆ ಬೂಷ್ಟು, ಆದ್ದರಿಂದ ಒಂದಿಡೀ ದಿನ ಬಿಸಿಲಿಗೆ ಒಣಗಿಸಿ. ಹಾಡುತ್ತ ಆಡಿಸುತ್ತ ಎರಡನ್ನೂ ಒಟ್ಟಿಗೆ ಮಾಡುವುದು ಮೂರು ವರ್ಷದವರಿಗೆ ಕಷ್ಟ, ಒಂದು ಶುರುವಾದರೆ ಇನ್ನೊಂದು ನಿಲ್ಲುತ್ತದೆ. ಅರ್ಧ ಜನ ಹಾಡಲಿ, ಅರ್ಧ ಜನ ಕುಲುಕಲಿ, ಆಮೇಲೆ ಅದಲುಬದಲು.

ಸಂಗೀತ ಪಾಠಕ್ಕೆ ಹೋಗುವ ಅಕ್ಕನೋ ಅಣ್ಣನೋ ಮನೆಯಲ್ಲಿದ್ದರೆ ‘ಜಾಯ್ ಟು ದ ವರ್ಲ್ಡ್’ ಕೇಳಿಸಿ. 1719ರಲ್ಲಿ ಐಸಾಕ್ ವಾಟ್ಸ್ ಪ್ರಕಟಿಸಿದ ಪದ್ಯ ಅದು. ಅದಕ್ಕೀಗ ಹಾಡುವ ಧಾಟಿಯ ಮೊದಲ ಸಾಲು ತಾರ ಷಡ್ಜದಿಂದ, ಅಂದರೆ ಮೇಲುಸ್ಥಾಯಿಯ ‘ಸ’ದಿಂದ, ಮಧ್ಯ ಷಡ್ಜಕ್ಕೆ ಮೆಟ್ಟಿಲು ಬಿಡದೆ ಇಳಿಯುತ್ತದೆ, ಶಂಕರಾಭರಣ ರಾಗದ ಅವರೋಹಣವೇ. ಸರಳೆ ವರಸೆ ಹಿಡಿದಿರುವ ಮಕ್ಕಳು ಅಭ್ಯಾಸಬಲದಿಂದ ಆ ಪಾಠದ ರಾಗವಾದ ಮಾಯಾಮಾಳವಗೌಳಕ್ಕೆ ಜಾರುವುದುಂಟು. ಬೈಯಬೇಡಿ, ಅದೂ ಚೆನ್ನಾಗಿಯೇ ಕೇಳಿಸುತ್ತದೆ.

ಹನ್ನೆರಡು ದಿನದ ಉಡುಗೊರೆಗಳ ಹಾಡು, ‘ದ ಟ್ವೆಲ್ವ್ ಡೇಸ್ ಆಫ್ ಕ್ರಿಸ್‌ಮಸ್’, ಮೊದಲ ದಿನದ ಗೌಜಲಹಕ್ಕಿಯಿಂದ ಶುರುವಾಗಿ, ದಿನದಿನವೂ ಹಿಂದಿನವೆಲ್ಲ ಮತ್ತೆ ಸೇರುತ್ತ ಬೆಳೆಯುತ್ತ ಹೋಗುತ್ತದೆ, ಕೊನೆಗೆ ಲೆಕ್ಕ ಹಾಕಿದರೆ ಒಟ್ಟು 364 ಉಡುಗೊರೆ. ಪುಟ್ಟವರಿಗೆ ಐದು ದಿನಕ್ಕೆ ನಿಲ್ಲಿಸಿ, 35ಕ್ಕೆ ಮುಗಿಯುತ್ತದೆ. ಹಕ್ಕಿ ಕೂರುವ ಪೇರ್ ಮರವನ್ನು ಮಂಗಳೂರಿನವರು ಪೇರಳೆ ಮರ ಮಾಡಿಕೊಂಡರೆ ಪ್ರಾಸ ಕೆಡುವುದಿಲ್ಲ. ಹಣ್ಣು ಮಾತ್ರ ಸೀಬೆಯಾಗುತ್ತದೆ.

‘ಸೈಲೆಂಟ್ ನೈಟ್’ ಮಕ್ಕಳಿಂದ ಹಾಡಿಸುವ ಹಾಡಲ್ಲ, ಮಕ್ಕಳಿಗೆ ಹಾಡುವ ಹಾಡು. 1818ರ ಡಿಸೆಂಬರ್ 24ರಂದು ಆಸ್ಟ್ರಿಯಾದ ಓಬರ್ನ್‌ಡಾರ್ಫ್‌ನಲ್ಲಿ ಪಾದ್ರಿ ಯೋಸೆಫ್ ಮೋರ್ ಬರೆದಿಟ್ಟಿದ್ದ ಪದ್ಯವನ್ನು ಗ್ರೂಬರ್ ಕಟ್ಟಿದ ಧಾಟಿಯಲ್ಲಿ ಮೊದಲು ಹಾಡಿದ್ದು ಗಿಟಾರಿನ ಜೊತೆ. ಆರು ಮಾತ್ರೆಯ ಅದರ ನಡೆಗೆ ತೊಟ್ಟಿಲು ತಾನಾಗಿಯೇ ತೂಗುತ್ತದೆ. ಆದರೆ ಮಧ್ಯ ಷಡ್ಜದಿಂದ ತಾರ ಮಧ್ಯಮದವರೆಗೆ ಹನ್ನೊಂದು ಸ್ವರ ಬೇಕು. ಮೊದಲ ಸಾಲು ಪಂಚಮದ ಸುತ್ತ ಹಾಯಾಗಿ ಸುಳಿಯುವುದರಿಂದ ಎಲ್ಲರೂ ಮೋಸಹೋಗಿ ಎತ್ತರದಲ್ಲಿ ಹಿಡಿಯುತ್ತಾರೆ, ಕೊನೆಯಲ್ಲಿ ಆ ತಾರ ಮಧ್ಯಮಕ್ಕೆ ತುದಿಗಾಲಲ್ಲಿ ನಿಲ್ಲುತ್ತಾರೆ. ಅಷ್ಟರಲ್ಲಿ ತೂಕಡಿಸುತ್ತಿದ್ದ ಮಗು ಕಣ್ಣು ಬಿಟ್ಟಿರುತ್ತದೆ. ಇಲ್ಲಿ ಮಾತ್ರ ಅಮ್ಮನ ಐದು ಮನೆಯೇ ಸರಿ, ಬೇಕಾದರೆ ಇನ್ನೂ ಅರ್ಧ ಮನೆ ಇಳಿಸಿ. ದೀಪ ಆರಿಸುವ ಮೊದಲು ಮಗುವಿನ ಕೈಯ ಗೆಜ್ಜೆ ಬಿಚ್ಚಿಡಲು ಮರೆಯಬೇಡಿ.