ಹಂಪ್‌ಗೆ ಸ್ವಲ್ಪ ಬಣ್ಣ ಬಳಿಯೋಕೆ ಯಾರನ್ನು ಕೇಳಬೇಕು?

ನಮ್ಮ ಬೀದಿಯ ತಿರುವಿನಲ್ಲಿ ಒಂದು ಹಂಪ್ ಇದೆ. ಹಂಪ್ ಏನು ಬಂತು, ಗೋಡೆ ಅನ್ನಿ. ನಿಯಮದ ಪ್ರಕಾರ ಎತ್ತರ 10 ಸೆಂಟಿಮೀಟರ್, ಅಗಲ 3.7 ಮೀಟರ್ ಇರಬೇಕು. ನಮ್ಮದು ಒಂದೇ ಹೆಜ್ಜೆಗೆ ಮುಗಿಯುತ್ತದೆ. ಬಿಳಿ ಪಟ್ಟೆ ಇಲ್ಲ, ಪಕ್ಕದ ಬೀದಿದೀಪ ದೀಪಾವಳಿಗೆ ಕೆಟ್ಟಿದ್ದು ಇನ್ನೂ ಹತ್ತಿಲ್ಲ. ಹೋದ ವಾರ ಬೆಳಗಿನ ಜಾವ ಹಾಲು ತರಲು ಹೋದ ಎದುರುಮನೆ ಅಜ್ಜ ಸ್ಕೂಟರ್ ಸಮೇತ ಬಿದ್ದರು, ಹಾಲೆಲ್ಲ ರಸ್ತೆ ಪಾಲು, ಮೊಣಕೈಗೆ ಆರು ಹೊಲಿಗೆ.

ಇನ್ನು ಸಂಜೆ ಟ್ಯೂಷನ್ ಬಿಡುವ ಹೊತ್ತು ನೋಡಬೇಕು. ಇನ್ನೂ ಮೀಸೆ ಚಿಗುರದ ಮೂರು ಹುಡುಗರು, ಒಂದೇ ಗಾಡಿ, ಒಂದು ಹೆಲ್ಮೆಟ್ಟೂ ಇಲ್ಲ, ಅದೂ ಒನ್‌ವೇಯಲ್ಲಿ ಎದುರಿಂದ ಹಾರ್ನ್ ಹೊಡೆದುಕೊಂಡು ಬಂದು ನಮ್ಮನ್ನೇ ಗುರಾಯಿಸುತ್ತಾರೆ! ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ ಚಿಕ್ಕ ಮಕ್ಕಳ ಕೈಗೆ ಗಾಡಿ ಕೊಟ್ಟವರಿಗೆ 25,000 ರೂಪಾಯಿ ದಂಡ, ಜೈಲೂ ಆಗಬಹುದು. ನಮ್ಮ ಬೀದಿಗೆ ಆ ಕಾನೂನು ಇನ್ನೂ ತಲುಪಿಲ್ಲ.

ಪೊಲೀಸರೇ ಇಲ್ಲ ಅಂತಲ್ಲ. 112ಕ್ಕೆ ಫೋನ್ ಮಾಡಿದರೆ ಬರುತ್ತಾರೆ, ಸುಳ್ಳು ಹೇಳಬಾರದು. ಆದರೆ ದಿನಾ ನಡೆಯುವ ಈ ಕಾಟಕ್ಕೆ ಎಷ್ಟು ಸಲ ಅಂತ ಫೋನ್ ಮಾಡೋದು? ಮುಖ್ಯರಸ್ತೆಯಲ್ಲಿ ಮರದ ಮರೆಗೆ ನಿಂತು ದಂಡ ಹಾಕೋಕೆ ನಾಲ್ಕು ಜನ ಸಿಗುತ್ತಾರೆ, ಶಾಲೆ ಬಿಡುವಾಗ ನಮ್ಮ ತಿರುವಿಗೆ ಒಬ್ಬರೂ ಇಲ್ಲ. ರಾತ್ರಿ ಗಸ್ತಿನ ಪೊಲೀಸರು ಬಂದಾಗ ಸಹಿ ಹಾಕಲೆಂದು ಮೂಲೆ ಮನೆ ಗೇಟಿಗೆ ನೇತುಹಾಕಿದ ಬೀಟ್ ಪುಸ್ತಕ ತೆಗೆದು ನೋಡಿದೆ. ಮೂರು ರಾತ್ರಿಯ ಸಹಿ, ಒಂದೇ ಪೆನ್ನು, ಒಂದೇ ಶಾಯಿ.

ಈ ಭಾನುವಾರ ನಾನೇ ಒಂದು ಡಬ್ಬಿ ಬಿಳಿ ಬಣ್ಣ ತರುತ್ತಿದ್ದೇನೆ. ಬ್ರಷ್ ಇದ್ದವರು ಬನ್ನಿ.