ಮಂಡಕ್ಕಿ ಮೂಟೆಗೂ ಸಿಮೆಂಟ್ ಮೂಟೆಗೂ ಒಂದೇ ಟೋಲು

2025ರ ಜುಲೈನಲ್ಲಿ "ಟೋಲ್ ಅರ್ಧಕ್ಕರ್ಧ ಇಳಿಕೆ" ಅಂತ ಟೀವಿಯೋರು ದಿನವಿಡೀ ಬಡ್ಕೊಂಡಿದ್ದು ನೆನಪಿದ್ಯಲ್ಲ? ದಾವಣಗೆರೆಯ ನಮ್ಮ ಬೀದೀಲಿ ಒಂದೇ ಒಂದು ಲಾರಿ ಇಟ್ಕೊಂಡಿರೋ ಮನುಷ್ಯ ಒಬ್ಬ ಇದಾನೆ, ಇವತ್ತಿಗೂ ಆ ಅರ್ಧ ಎಲ್ಲಿ ಹೋಯ್ತು ಅಂತ ಹುಡುಕ್ತಾ ಇದಾನೆ. ನಾನು ಲೆಕ್ಕದ ಮೇಷ್ಟ್ರು ಅನ್ನೋ ಒಂದೇ ತಪ್ಪಿಗೆ ಸಂಜೆ ಆದ್ರೆ ಬಂದು ಫೋನ್ ಮುಂದೆ ಹಿಡೀತಾನೆ. ಬರೀ ಫಾಸ್ಟ್ಯಾಗ್ ಮೆಸೇಜು. "ಸರ, ಇದೆಂಗ್ ಬಂತು ಬಿಡ್ಸಿ ಹೇಳ್ರಿ."

ಬಿಡಿಸೋಣ ಅಂತ ಕೂತೆ. 2008ರ ರಾಷ್ಟ್ರೀಯ ಹೆದ್ದಾರಿ ಟೋಲ್ ರೂಲ್ಸ್ ಪ್ರಕಾರ ಮೂಲ ದರ ಕಿಲೋಮೀಟರಿಗೆ ಕಾರಿಗೆ 65 ಪೈಸೆ, ಎರಡು ಆಕ್ಸೆಲ್ (ಚಕ್ರಗಳನ್ನ ಜೋಡಿಸೋ ಅಡ್ಡ ಅಚ್ಚು) ಲಾರಿಗೆ 2.20 ರೂಪಾಯಿ, ನಾಲ್ಕರಿಂದ ಆರು ಆಕ್ಸೆಲ್ ಇದ್ರೆ 3.45. ಅದಕ್ಕೆ ವರ್ಷ ವರ್ಷ ಶೇ. 3 ಏರಿಸಿ, ಸಗಟು ಬೆಲೆ ಸೂಚ್ಯಂಕ ಏರಿದ್ದರಲ್ಲಿ ಶೇ. 40 ಕೂಡಿಸಿ, ಕೊನೆಗೆ ಐದು ರೂಪಾಯಿಗೆ ರೌಂಡು. ಇಲ್ಲಿವರೆಗೆ ಸರಿ. ಆಮೇಲೆ ಸೇತುವೆ ಬರುತ್ತೆ. ದೊಡ್ಡ ಸೇತುವೆ, ಫ್ಲೈಓವರು ಒಂದು ಕಿಲೋಮೀಟರ್ ಇದ್ರೆ ಅದನ್ನ ಹತ್ತು ಕಿಲೋಮೀಟರ್ ಅಂತ ಹಿಡೀಬೇಕಂತೆ! ಒಂದು ಕಿಲೋಮೀಟರಿಗೆ ಸಾವಿರ ಮೀಟರು ಅಂತ ಹೇಳ್ಕೊಟ್ಟು ನಾನು ಎಷ್ಟು ಮಕ್ಕಳ ಭವಿಷ್ಯ ಹಾಳು ಮಾಡಿದೀನೋ. ಆ ಜುಲೈನ ಸಿಹಿಸುದ್ದಿ ಏನಪ್ಪಾ ಅಂದ್ರೆ, ನಲವತ್ತು ಕಿಲೋಮೀಟರೂ ಫ್ಲೈಓವರೇ ಇದ್ರೆ ಮುಂಚೆ ನಾನೂರು ಅಂತಿದ್ರು, ಈಗ ಇನ್ನೂರು ಸಾಕು. ಅದೇ ಅರ್ಧ. ಗಾಡಿ ಓಡೋದು ನಲವತ್ತೇ.

"ನಮ್ ದಾರೀಲಿ ಅಷ್ಟುದ್ದ ಫ್ಲೈಓವರ್ ಎಲ್ಲೈತಿ ಸರ?" ಅಂದ. ಇಲ್ಲ ಕಣಪ್ಪ, ಅದಕ್ಕೇ ನಿನಗೆ ಇಳಿದಿಲ್ಲ.

ಇನ್ನೊಂದು ವಿಷ್ಯ, ಇವನು ಹೊರೋದು ಮಂಡಕ್ಕಿ. ನಮ್ಮೂರಿನ ಮಂಡಕ್ಕಿ ಲಾರಿ ನೋಡಿದೀರಾ? ಕ್ಯಾಬಿನ್ ಮೇಲೆ ಆಳೆತ್ತರ ಮೂಟೆ, ಸುತ್ತ ಹಗ್ಗ, ದೂರದಿಂದ ನೋಡಿದ್ರೆ ಗುಡ್ಡ ಬಂದಂಗೆ, ಹತ್ತಿರ ಹೋದ್ರೆ ಹಮಾಲಿ ಹುಡುಗ ಒಂದೇ ಕೈಲಿ ಮೂಟೆ ಎಸೀತಿರ್ತಾನೆ. ಅವನ ಹಿಂದೆ ಅದೇ ಆಕ್ಸೆಲ್ಲಿನ ಸಿಮೆಂಟ್ ಲಾರಿ ಏದುಸಿರು ಬಿಡ್ತಾ ನಿಂತಿರುತ್ತೆ. ಇಬ್ಬರಿಗೂ ಒಂದೇ ಟೋಲು. ಟೋಲಿನವರು ಎಣಿಸೋದು ಆಕ್ಸೆಲ್ಲು, ಓವರ್‌ಲೋಡ್ ಆಗದಿದ್ರೆ ಸಾಕು, ಮೇಲಿರೋದು ಮಂಡಕ್ಕಿನೋ ಕಲ್ಲುಬಂಡೆನೋ ಅವರಿಗ್ಯಾಕೆ? ಹಿಟ್ಟಿನ ಗಿರಣಿಯವನು ಕೂಡ ಡಬ್ಬಿ ಎಷ್ಟು ಅಂತ ಎಣಿಸಿ ದುಡ್ಡು ತಗೊಳ್ಳಲ್ಲ ಸ್ವಾಮಿ, ತಕ್ಕಡಿಗೆ ಇಡ್ತಾನೆ.

ರಸ್ತೆ ಹಾಳಾಗೋದು ಆಕ್ಸೆಲ್ ಮೇಲಿನ ಭಾರದ ನಾಲ್ಕನೇ ಘಾತದ ಲೆಕ್ಕದಲ್ಲಿ ಅಂತ ಇಂಜಿನಿಯರುಗಳ ಹಳೇ ಸೂತ್ರ. ಶೇ. 20 ಜಾಸ್ತಿ ಹೇರಿದ್ರೆ ರಸ್ತೆಗೆ ಹೆಚ್ಚುಕಮ್ಮಿ ಎರಡರಷ್ಟು ಪೆಟ್ಟು. ಅದಕ್ಕೇ ಓವರ್‌ಲೋಡಿಗೆ 20,000 ದಂಡ, ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000, ಭಾಳ ಶಿಸ್ತು. ಆದ್ರೆ 2018ರ ಜುಲೈನಲ್ಲಿ ಸರ್ಕಾರವೇ ಹಿಂದಿನ ಆಕ್ಸೆಲ್ಲಿನ ಮಿತೀನ 10.2 ಟನ್ನಿಂದ 11.5ಕ್ಕೆ ಏರಿಸ್ತು. ನಿನ್ನೆ ಓವರ್‌ಲೋಡು ಆಗಿದ್ದು ಇವತ್ತು ಕಾನೂನು. ಅದೇ ಸೂತ್ರ ಹಾಕಿ ನೋಡಿದೆ, ಪೆಟ್ಟು ಸುಮಾರು ಶೇ. 60 ಜಾಸ್ತಿ. ರಸ್ತೆಗೆ ಈ ಗೆಜೆಟ್ ಓದಿ ಹೇಳಿದವರು ಯಾರೋ ಗೊತ್ತಿಲ್ಲ.

ಕಾರಿನೋರಿಗೆ ಮಾತ್ರ 2025ರ ಆಗಸ್ಟ್ 15ರಿಂದ ಸ್ವಾತಂತ್ರ್ಯ ಸಿಕ್ತು: ಆಗ 3,000 ಕಟ್ಟಿದ್ರೆ ವರ್ಷದ ಪಾಸು, 200 ಟ್ರಿಪ್ಪು. ನನ್ನ ಹತ್ರಾನೂ ಇದೆ, ವರ್ಷಕ್ಕೆ ನಾಲ್ಕು ಸಲ ಮಗಳ ಮನೆಗೆ ಹೋಗೋದಕ್ಕೆ. ದಿನಾ ಅದೇ ರೋಡಲ್ಲಿ ಬದುಕೋ ಲಾರಿಯವನಿಗೆ ಆ ಪಾಸಿಲ್ಲ. ಅವನು ರೋಡ್ ಟ್ಯಾಕ್ಸ್ ಕಟ್ಟಬೇಕು, ನ್ಯಾಷನಲ್ ಪರ್ಮಿಟ್ಟಿಗೆ ವರ್ಷಕ್ಕೆ 16,500 ಕಟ್ಟಬೇಕು, ಡೀಸೆಲ್ಲಲ್ಲಿ ರಸ್ತೆ ಸೆಸ್ಸು ಕಟ್ಟಬೇಕು, ಆಮೇಲೆ ಅದೇ ರಸ್ತೆಗೆ ಟೋಲು ಕಟ್ಟಬೇಕು, ಇಷ್ಟೆಲ್ಲ ಕಟ್ಟಿದ ಡ್ರೈವರು ರಾತ್ರಿ ಎರಡಕ್ಕೆ ಕಣ್ಣು ಎಳೀತು ಅಂದ್ರೆ ಗಾಡಿ ನಿಲ್ಸೋಕೆ ಒಂದು ಜಾಗ ಇಲ್ಲ, ಮುಖ ತೊಳೆಯೋಕೆ ನೀರಿಲ್ಲ, ರೋಡ್ ಪಕ್ಕ ಮಲಗಿದವನಿಗೆ ಹಿಂದಿನಿಂದ ಬಂದು ಗುದ್ದಿದ್ರೆ "ನಿಂತಿದ್ದ ಲಾರಿಗೆ ಡಿಕ್ಕಿ" ಅಂತ ಪೇಪರಲ್ಲಿ ಎರಡು ಸಾಲು. ತಮಾಷೆ ಮಾಡೋಕೂ ಸಾಕಾಗುತ್ತೆ ಒಂದೊಂದ್ಸಲ.

ಸಮಾಧಾನಕ್ಕೆ ಒಂದು ರಿಯಾಯಿತಿ ಹೇಳ್ದೆ: 24 ಗಂಟೆ ಒಳಗೆ ವಾಪಸ್ ಬಂದ್ರೆ ಎರಡು ಟೋಲಿನ ಬದಲು ಒಂದೂವರೆ. ಅವನು ನಕ್ಕ. "ಅನ್‌ಲೋಡ್ ಮಾಡಾಕೇ ಎರಡು ದಿನ ನಿಲ್ಲಿಸ್ತಾರ್ರಿ ಸರ." ಅಷ್ಟರಲ್ಲಿ ಕೈಯಲ್ಲಿದ್ದ ಫೋನು ಟಿಣ್ ಅಂತು. ಗಾಡಿ ಖಾಲಿ ವಾಪಸ್ ಬರ್ತಾ ಇತ್ತಂತೆ. ಖಾಲಿಗೂ ಫುಲ್ಲು.